ಲ್ಯಾಟಿನ್‌ನ ಬೊನುಸ್, ನಮ್ಮ ಹಬ್ಬದ ಬೋನಸ್

ಲ್ಯಾಟಿನ್‌ನ ‘ಬೊನುಸ್’ಗೂ ನಮ್ಮ ದೀಪಾವಳಿ ಬೋನಸ್‌ಗೂ ಸಂಬಂಧ ಇದೆಯಾ, ಆ ಒಂದು ಪದಕ್ಕೆ ಬೊನುಸ್, ಬೊನ, ಬೊನುಮ್ ಅಂತ ಮೂರು ರೂಪ ಯಾಕೆ ಅಂತ ಕೇಳಿದ್ದೀರಿ. ಸಂಬಂಧ ಏನು ಬಂತು, ಎರಡೂ ಒಂದೇ ಪದ.

ಮೊದಲು ರೂಪಗಳನ್ನು ನೋಡೋಣ. ಬೊನುಸ್ ಅಂದರೆ ‘ಒಳ್ಳೆ’. ಒಳ್ಳೆ ಹುಡುಗ, ಒಳ್ಳೆ ಹುಡುಗಿ, ಒಳ್ಳೆ ಮನೆ. ಕನ್ನಡದಲ್ಲಿ ‘ಒಳ್ಳೆ’ ಜಪ್ಪಯ್ಯ ಅಂದರೂ ಬದಲಾಗುವುದಿಲ್ಲ. ಪಕ್ಕದ ನಾಮಪದ ತೆಗೆದರೆ ಮಾತ್ರ ಒಳ್ಳೆಯವನು, ಒಳ್ಳೆಯವಳು, ಒಳ್ಳೆಯದು ಅಂತ ಆಗುತ್ತೆ, ಅಲ್ವಾ? ಬೊನುಸ್, ಬೊನ, ಬೊನುಮ್ ಅಂದರೆ ಅದೇ. ಆದರೆ ಲ್ಯಾಟಿನ್‌ನಲ್ಲಿ ನಾಮಪದ ಪಕ್ಕದಲ್ಲೇ ಕೂತಿದ್ದರೂ ಹೀಗೆ ಬದಲಾಯಿಸಲೇಬೇಕು, ಜೊತೆಗೆ ವಿಭಕ್ತಿ, ವಚನ ಬೇರೆ. ಸಂಸ್ಕೃತ ಓದಿದವರಿಗೆ ಇದೇನೂ ಹೊಸದಲ್ಲ. ಎಡವುವ ಜಾಗ ಒಂದಿದೆ: ನೋಡಬೇಕಾದ್ದು ನಾಮಪದದ ಲಿಂಗ, ಅದರ ಬಾಲ (ಪದದ ಕೊನೆ) ಅಲ್ಲ. ‘ಅಗ್ರಿಕೊಲ’ ಅಂದರೆ ರೈತ, ಪುಲ್ಲಿಂಗ, ಹಾಗಾಗಿ ಅಗ್ರಿಕೊಲ ಬೊನುಸ್. ‘ಮಾಲುಸ್’ ಅಂದರೆ ಸೇಬಿನ ಮರ, ಸ್ತ್ರೀಲಿಂಗ, ಹಾಗಾಗಿ ಮಾಲುಸ್ ಬೊನ.

ಈಗ ಬೋನಸ್‌ಗೆ ಬರೋಣ. 18ನೇ ಶತಮಾನದಲ್ಲಿ ಲಂಡನ್ನಿನ ಷೇರು ವ್ಯಾಪಾರದವರು ತಮಾಷೆಗೆ ಹುಟ್ಟುಹಾಕಿದ ಪದ ಇದು ಅಂತ ಇಂಗ್ಲಿಷ್ ನಿಘಂಟುಗಳು ಹೇಳುತ್ತವೆ. ‘ಒಳ್ಳೆಯದು’ ಅನ್ನಬೇಕಿದ್ದರೆ ಬೊನುಮ್ ಅನ್ನಬೇಕಿತ್ತು. ಅವರು ಬೊನುಸ್ ಅಂದುಬಿಟ್ಟರು. ಹೀಗಾಗಿ ವ್ಯಾಕರಣದ ಪ್ರಕಾರ ಹಬ್ಬಕ್ಕೆ ನಮ್ಮ ಖಾತೆಗೆ ಬಂದು ಬೀಳುವವನು ‘ಒಳ್ಳೆಯವನು’!

ಲ್ಯಾಟಿನ್‌ನ ಬೊನುಸ್‌ನ ಹಳೆಯ ರೂಪ ‘ದುಎನೊಸ್’. 1880ರಲ್ಲಿ ರೋಮ್‌ನಲ್ಲಿ ಸಿಕ್ಕ, ಮೂರು ಕುಡಿಕೆ ಅಂಟಿಸಿದಂಥ ಪಾತ್ರೆಯ ಮೇಲೆ ಅದನ್ನು ಗೀಚಿದ್ದಾರೆ. ‘ದ್ವ’ ಸವೆದು ‘ಬ’ ಆಗೋದು ನಮಗೂ ಗೊತ್ತಿರೋದೇ, ದ್ವಾದಶ ಹಿಂದಿಯಲ್ಲಿ ಬಾರಹ್ ಆಗಿದೆ ನೋಡಿ.

ಲ್ಯಾಟಿನ್‌ನ ಮಕ್ಕಳು ಮೊಮ್ಮಕ್ಕಳ ಮನೆಯಲ್ಲಿ, ಅಂದರೆ ಅದರಿಂದ ಹುಟ್ಟಿದ ಭಾಷೆಗಳಲ್ಲಿ, ನಪುಂಸಕದ ಬೊನುಮ್ ಉಳಿಯಲಿಲ್ಲ. ಇಟಾಲಿಯನ್‌ನಲ್ಲಿ ಬುಒನೊ, ಬುಒನ. ಸ್ಪ್ಯಾನಿಷ್‌ನಲ್ಲಿ ಬ್ವೆನೊ, ಬ್ವೆನ. ರೊಮೇನಿಯನ್‌ನಲ್ಲಿ ಪುಲ್ಲಿಂಗ ಬುನ್. ಪೋರ್ಚುಗೀಸರು ಸ್ತ್ರೀಲಿಂಗದಲ್ಲಿ ಸ್ವರಗಳ ನಡುವಿನ ‘ನ’ವನ್ನೇ ನುಂಗಿ ‘ಬೋಅ’ ಮಾಡಿಕೊಂಡರು. ಫ್ರೆಂಚ್‌ನವರದು ನನಗೆ ಜಾಸ್ತಿ ಇಷ್ಟ: ಪುಲ್ಲಿಂಗದಲ್ಲಿ ‘ನ’ ಮೂಗಿನೊಳಗೇ ಉಳಿದು ‘ಬೋಂ’, ಸ್ತ್ರೀಲಿಂಗದಲ್ಲಿ ಹೊರಗೆ ಬಂದು ‘ಬೊನ್’.

‘ಇನ್ನೂ ಒಳ್ಳೆಯ’ ಅನ್ನೋಕೆ ಲ್ಯಾಟಿನ್‌ನಲ್ಲಿ ಪದವೇ ಬೇರೆ, ಮೆಲಿಯೊರ್. ಅದು ಸ್ಪ್ಯಾನಿಷ್‌ನ ಮೆಹೊರ್, ಫ್ರೆಂಚ್‌ನ ಮೆಯ್ಯೊರ್ ಆಗಿ ಬದುಕಿದೆ. ರೊಮೇನಿಯನ್ನರಿಗೆ ಅದೂ ಬೇಡ, ಸುಮ್ನೆ ‘ಮಾಯ್ ಬುನ್’, ಅಂದರೆ ‘ಹೆಚ್ಚು ಒಳ್ಳೆ’ ಅಂತಾರೆ.