ಉಪ್ಪುನೀರಿನ ಅಕ್ವೇರಿಯಂಗೆ ಎಷ್ಟು ದೊಡ್ಡ ಸ್ಕಿಮ್ಮರ್?

ಪ್ರಶ್ನೆ: ನಮ್ಮ ಮನೆಯಲ್ಲಿ 200 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇದ್ದು, ಎರಡು ಕ್ಲೌನ್ ಮೀನುಗಳನ್ನೂ ಕೆಲವು ಮೆದು ಹವಳಗಳನ್ನೂ ಸಾಕಿದ್ದೇವೆ. ಕೆಳಗೆ ಸಂಪ್ (ಅಕ್ವೇರಿಯಂನ ನೀರು ಹಾದುಹೋಗುವ, ಉಪಕರಣಗಳನ್ನು ಇಡುವ ಇನ್ನೊಂದು ತೊಟ್ಟಿ) ಇಲ್ಲ. 1000 ಲೀಟರಿಗೆ ಆಗುವ ಪ್ರೋಟೀನ್ ಸ್ಕಿಮ್ಮರ್ ಕೊಳ್ಳುವಂತೆ ಅಂಗಡಿಯವರು ಹೇಳುತ್ತಾರೆ. ಇದು ಸರಿಯೇ?
– ಓದುಗರೊಬ್ಬರು, ಡೊಂಬಿವಲಿ, ಮುಂಬಯಿ

ಉತ್ತರ: ಅಷ್ಟು ದೊಡ್ಡದು ಬೇಡ. ಸ್ಕಿಮ್ಮರ್ ನೀರಿನಲ್ಲಿ ಅತಿ ಸಣ್ಣ ಗಾಳಿಗುಳ್ಳೆಗಳನ್ನು ಹಾಯಿಸುತ್ತದೆ. ಮೀನಿನ ಮಲದಿಂದಲೂ ತಿನ್ನದೆ ಉಳಿದ ಆಹಾರದಿಂದಲೂ ನೀರಿಗೆ ಸೇರುವ ಸಾವಯವ ವಸ್ತುಗಳು ಆ ಗುಳ್ಳೆಗಳಿಗೆ ಅಂಟಿಕೊಂಡು, ಕೊಳೆತು ಅಮೋನಿಯ ಆಗುವ ಮೊದಲೇ ನೊರೆಯ ರೂಪದಲ್ಲಿ ಮೇಲಿನ ಬಟ್ಟಲನ್ನು ಸೇರುತ್ತವೆ. ಎರಡೇ ಮೀನುಗಳಿರುವಲ್ಲಿ ಅಂಥ ವಸ್ತು ಕಡಿಮೆಯಾದ್ದರಿಂದ, ದೊಡ್ಡ ಸ್ಕಿಮ್ಮರಿನ ಅಗಲವಾದ ಕೊಳವೆಯಲ್ಲಿ ನೊರೆ ನಿಲ್ಲದೆ ಒಡೆದು, ಬಟ್ಟಲು ಬಹುಪಾಲು ಖಾಲಿಯೇ ಉಳಿಯುತ್ತದೆ. ಪೆಟ್ಟಿಗೆಯ ಮೇಲಿನ ಅಂಕಿಯೂ ಹಲವು ವೇಳೆ ಉದಾರವಾಗಿಯೇ ಇರುತ್ತದೆ. ಆದ್ದರಿಂದ 300ರಿಂದ 400 ಲೀಟರ್ ಎಂದು ನಮೂದಿಸಿರುವ, ತೊಟ್ಟಿಯ ಅಂಚಿಗೆ ತೂಗುಹಾಕುವ ಮಾದರಿ ನಿಮಗೆ ಸಾಕೆಂಬುದು ನನ್ನ ಅಭಿಪ್ರಾಯ. ಮುಂದೆ ಸಂಪ್ ಮಾಡಿಸುವ ಯೋಚನೆ ಇದ್ದರೆ ಮಾತ್ರ ಸಂಪಿನೊಳಗೆ ಇಡುವ ಮಾದರಿಗೆ ಕಾಯಬಹುದು. ಅಲ್ಲಿ ನೀರಿನ ಮಟ್ಟ ಏರಿಳಿಯದಂತೆ ನೋಡಿಕೊಳ್ಳಬೇಕಾಗುತ್ತದೆ.

ಕೊಳ್ಳುವ ಮೊದಲು ಅಂಗಡಿಯಲ್ಲಿ ಓಡಿಸಿ, ಪಂಪಿನ ಸದ್ದನ್ನು ಅವಶ್ಯ ಕೇಳಿ. ಚಿಕ್ಕ ಫ್ಲ್ಯಾಟುಗಳಲ್ಲಿ ಸದ್ದಿನ ಕಾರಣಕ್ಕೆ ಅನೇಕರು ರಾತ್ರಿ ಸ್ಕಿಮ್ಮರ್ ನಿಲ್ಲಿಸುತ್ತಾರೆ, ಆದರೆ ಬೆಳಕಿಲ್ಲದಾಗ ಪಾಚಿಯೂ ಹವಳವೂ ಆಮ್ಲಜನಕವನ್ನು ಬಳಸುವುದರಿಂದ ಗುಳ್ಳೆಗಳ ಮೂಲಕ ನೀರಿಗೆ ಆಮ್ಲಜನಕವನ್ನೂ ಸೇರಿಸುವ ಸ್ಕಿಮ್ಮರ್ ಹೆಚ್ಚು ಬೇಕಾಗುವುದು ಆ ಹೊತ್ತಿನಲ್ಲೇ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಮುಂಬಯಿಯ ಮೇ ತಿಂಗಳಲ್ಲಂತೂ ದಯವಿಟ್ಟು ಅದನ್ನು ನಿಲ್ಲಿಸಬೇಡಿ. ಹೊಸ ಸ್ಕಿಮ್ಮರ್ ಸರಿಯಾಗಿ ನೊರೆ ಕಟ್ಟಲು ಒಂದೆರಡು ವಾರ ಹಿಡಿಯಬಹುದು.