ಹಳೆ ವಿದ್ಯಾರ್ಥಿಗೆ ಆರ್ಕೆಸ್ಟ್ರಾದಲ್ಲಿ, ಅಂದರೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ವಾದ್ಯವೃಂದದಲ್ಲಿ, ಕೆಲಸ ಸಿಕ್ಕರೆ ಅಮೆರಿಕದ ಸಂಗೀತ ಶಾಲೆಗಳು ಅದನ್ನು ಅಷ್ಟು ದೊಡ್ಡ ಸಾಧನೆ ಅಂತ ಯಾಕೆ ಹೇಳಿಕೊಳ್ಳುತ್ತವೆ?

ಖಾಲಿ ಜಾಗಗಳೇ ಬಹಳ ಕಡಿಮೆ, ಅದಕ್ಕೇ. ದೊಡ್ಡ ಸಿಂಫನಿ ಆರ್ಕೆಸ್ಟ್ರಾದಲ್ಲಿ ಸುಮಾರು 100 ಜನ ಇರುತ್ತಾರೆ ನಿಜ, ಆದರೆ ಟ್ಯೂಬಾ (ಊದಿ ನುಡಿಸುವ ದೊಡ್ಡ ಹಿತ್ತಾಳೆ ವಾದ್ಯ) ನುಡಿಸುವವರು ಸಾಮಾನ್ಯವಾಗಿ ಒಬ್ಬರೇ. ಮೊದಲ ಒಂದೆರಡು ವರ್ಷದ ಪರೀಕ್ಷಾ ಅವಧಿ ದಾಟಿದರೆ ಕೆಲಸ ಕಾಯಂ, ಎಷ್ಟೋ ಜನ 30-40 ವರ್ಷ ಅದೇ ಕುರ್ಚಿಯಲ್ಲಿರುತ್ತಾರೆ. ಶಾಲೆಗಳಿಂದ ಮಾತ್ರ ಪ್ರತಿ ವರ್ಷ ಹೊಸಬರು ಬರುತ್ತಲೇ ಇರುತ್ತಾರೆ ಅಲ್ವಾ? ಹಾಗಾಗಿ ಒಂದೇ ಜಾಗಕ್ಕೆ ನೂರಕ್ಕೂ ಜಾಸ್ತಿ ಅರ್ಜಿ ಬರುವುದುಂಟು.

ಇನ್ನು ಆಡಿಷನ್, ಅಂದರೆ ನುಡಿಸಿ ತೋರಿಸುವ ಪರೀಕ್ಷೆ. 1970ರ ದಶಕದಿಂದ ಈಚೆಗೆ ಹೆಚ್ಚಿನ ಆರ್ಕೆಸ್ಟ್ರಾಗಳು ಮೊದಲ ಸುತ್ತನ್ನು ಪರದೆಯ ಹಿಂದೆ ನಡೆಸುತ್ತವೆ. ಹೆಸರಿಲ್ಲ, ಬರೀ ನಂಬರ್. ಶೂ ಸಪ್ಪಳದಿಂದ ಹೆಣ್ಣೋ ಗಂಡೋ ಅಂತ ಗೊತ್ತಾಗಬಾರದು ಎಂದು ನೆಲಕ್ಕೆ ಕಾರ್ಪೆಟ್ ಕೂಡ ಹಾಸುತ್ತಾರೆ. ನನಗೆ ತುಂಬಾ ಮೆಚ್ಚುಗೆಯಾಗುವುದು ಇದೇ: ಆ ಸುತ್ತಿನಲ್ಲಿ ಯಾವ ಶಾಲೆ, ಯಾರ ಶಿಷ್ಯ ಅನ್ನುವುದು ನಡೆಯುವುದಿಲ್ಲ, ಕಿವಿಗೆ ಬಿದ್ದದ್ದಷ್ಟೇ ಲೆಕ್ಕ. ಸಿಗುವುದು ಕೆಲವೇ ನಿಮಿಷ, ಅಷ್ಟರಲ್ಲೇ ಕೃತಿಗಳ ಅತಿ ಕಷ್ಟದ ತುಣುಕುಗಳನ್ನು ನುಡಿಸಬೇಕು, ಲಯ ಸ್ವಲ್ಪ ಜಾರಿದರೂ ಅಲ್ಲಿಗೇ ಮುಗಿಯಬಹುದು. ಯಾರೂ ಹಿಡಿಸದಿದ್ದರೆ ಕೆಲವೊಮ್ಮೆ ಆ ಜಾಗವನ್ನು ಯಾರಿಗೂ ಕೊಡದೆ, ಮುಂದೆ ಮತ್ತೊಮ್ಮೆ ಆಡಿಷನ್ ಕರೆಯುತ್ತಾರೆ.