ಅನಿಮೆಗೆ ಅಭಿಮಾನಿಗಳ ಸಬ್‌ಟೈಟಲ್: ಎಲ್ಲಿಯವರೆಗೆ ಸರಿ?

ಜಪಾನಿ ಅನಿಮೆಗೆ ಅಭಿಮಾನಿಗಳೇ ಸಬ್‌ಟೈಟಲ್ ಬರೆದು ಹಂಚುವುದಕ್ಕೆ ಫ್ಯಾನ್‌ಸಬ್ ಎನ್ನುತ್ತಾರೆ. ಅದರ ನ್ಯಾಯ-ಅನ್ಯಾಯ ಕೇಳಿ ಬಂದ ಪ್ರಶ್ನೆಗಳಲ್ಲಿ ಕೆಲವು ಇಲ್ಲಿವೆ.

ಪ್ರಶ್ನೆ: ನಾನು ಹಂಚುವುದು ಸಬ್‌ಟೈಟಲ್ ಫೈಲು ಮಾತ್ರ. ವಿಡಿಯೊ ಮುಟ್ಟುವುದಿಲ್ಲ, ಒಂದು ಬಿಡಿಗಾಸೂ ತೆಗೆದುಕೊಳ್ಳುವುದಿಲ್ಲ. ಆದರೂ ಇದು ಕಳ್ಳತನ ಅನ್ನುತ್ತಾರೆ. ಹೌದೆ?

ಉತ್ತರ: ಕಳ್ಳತನ ಅನ್ನುವುದು ದೊಡ್ಡ ಮಾತಾಯಿತು. ಆದರೆ ಕಾನೂನು ನಿಮ್ಮ ಪರವಾಗಿಲ್ಲ. ಪಾತ್ರಗಳು ಆಡುವುದು ಯಾರೋ ಕೂತು ಬರೆದ ಸಂಭಾಷಣೆ. ಅದನ್ನು ಬೇರೆ ಭಾಷೆಗೆ ತರುವ ಹಕ್ಕು ಕೃತಿಕಾರರದು ಎಂದು ಕಾಪಿರೈಟ್ ಕುರಿತ ಅಂತರರಾಷ್ಟ್ರೀಯ ಬರ್ನ್ ಒಪ್ಪಂದದ 8ನೇ ವಿಧಿ ಹೇಳುತ್ತದೆ. ಜಪಾನಿನ ಕಾಪಿರೈಟ್ ಕಾಯ್ದೆಯ 27ನೇ ವಿಧಿಯೂ ಅದನ್ನೇ ಹೇಳುತ್ತದೆ. ‘ನಮ್ಮದು ಬರೀ ಅಕ್ಷರ’ ಎಂಬ ವಾದವನ್ನು ನೆದರ್ಲೆಂಡ್ಸಿನ ಹವ್ಯಾಸಿ ಸಬ್‌ಟೈಟಲ್‌ಕಾರರು ಸಂಘ ಕಟ್ಟಿಕೊಂಡು ಆಮ್‌ಸ್ಟರ್‌ಡ್ಯಾಮ್ ನ್ಯಾಯಾಲಯದ ಮುಂದಿಟ್ಟರು. 2017ರಲ್ಲಿ ಸೋತರು. ಸ್ವೀಡನ್ನಿನಲ್ಲಿ ಅದಕ್ಕೂ ಮೊದಲೇ, 2013ರಲ್ಲಿ, ಬಳಕೆದಾರರು ಬರೆದ ಸಬ್‌ಟೈಟಲ್ ಇಟ್ಟಿದ್ದ ತಾಣದ ಸರ್ವರುಗಳನ್ನು ಪೊಲೀಸರು ಎತ್ತಿಕೊಂಡು ಹೋಗಿದ್ದರು.

ನೈತಿಕವಾಗಿ ನೋಡಿದರೆ ಮಾತ್ರ ಎಲ್ಲ ಫ್ಯಾನ್‌ಸಬ್ಬೂ ಒಂದೇ ತಕ್ಕಡಿಗೆ ಬರುವುದಿಲ್ಲ. ಬಿಡಿ ಫೈಲು ಕೊಟ್ಟರೆ ನೋಡುವವರು ವಿಡಿಯೊವನ್ನು ತಾವೇ ಹೊಂದಿಸಿಕೊಳ್ಳಬೇಕು. ಡಿಸ್ಕ್ ಕೊಂಡವರಿಗೂ ಅದು ಕೆಲಸಕ್ಕೆ ಬರುತ್ತದೆ. ವಿಡಿಯೊ ಜೊತೆ ಸೇರಿಸಿ ಎಂಕೆವಿ (ಎರಡೂ ಒಟ್ಟಿಗಿರುವ ಒಂದೇ ಫೈಲು) ಮಾಡಿ ಬಿಟ್ಟರೆ ನಿಮ್ಮ ಅನುವಾದ ಕಳ್ಳಪ್ರತಿಗೆ ಹಾಕಿದ ಹೊದಿಕೆಯಾಗುತ್ತದೆ. ಅಕ್ಷರವನ್ನು ಚಿತ್ರದ ಮೇಲೇ ಅಚ್ಚೊತ್ತುವ ಹಾರ್ಡ್‌ಸಬ್ ಇನ್ನೂ ಕೆಟ್ಟದ್ದು. ತಪ್ಪು ತಿದ್ದಲಾಗದು, ವಾಪಸು ಪಡೆಯಲಾಗದು. 24 ನಿಮಿಷದ ಕಂತಿನಲ್ಲಿ 350 ಸಾಲು ಇದ್ದರೂ ಕನ್ನಡ ಎಸ್‌ಆರ್‌ಟಿ ಫೈಲು (ಸಬ್‌ಟೈಟಲಿನ ಸಾದಾ ಪಠ್ಯದ ಫೈಲು) 45 ಕಿಲೊಬೈಟ್ ಆಸುಪಾಸಿನಲ್ಲಿ ಮುಗಿಯುತ್ತದೆ. ಇಷ್ಟನ್ನು ಹಂಚಲು ವಿಡಿಯೊದ ಹಂಗೇ ಬೇಕಿಲ್ಲ.

ಪ್ರಶ್ನೆ: ಬಿಡಿ ಫೈಲು ಕೊಟ್ಟರೆ ಟೈಮಿಂಗ್ ಕೂಡುವುದಿಲ್ಲ ಎಂದು ಜನ ಬೈಯುತ್ತಾರೆ. ಅದಕ್ಕೇ ವಿಡಿಯೊ ಸೇರಿಸಿ ಕೊಡುತ್ತೇವೆ. ಬೇರೆ ದಾರಿ ಇದೆಯೆ?

ಉತ್ತರ: ಇದೆ. ಕೂಡದಿರುವುದಕ್ಕೆ ಕಾರಣ ಮೂರೇ. ಮೊದಲ ಸಾಲು ಮತ್ತು ಕೊನೆಯ ಸಾಲು ಎಷ್ಟೆಷ್ಟು ತಪ್ಪಿವೆ ಎಂದು ನೋಡಿದರೆ ಯಾವುದೆಂದು ಗೊತ್ತಾಗುತ್ತದೆ.

ಎರಡೂ ಒಂದೇ ಅಳತೆಯಲ್ಲಿ, ಉದಾಹರಣೆಗೆ 2 ಸೆಕೆಂಡ್, ತಪ್ಪಿದ್ದರೆ ವಿಡಿಯೊದ ಆರಂಭ ಬೇರೆಯಾಗಿದೆ ಅಷ್ಟೆ. ಸಬ್‌ಟೈಟಲ್ ತಿದ್ದುವ ತಂತ್ರಾಂಶ ಏಜಿಸಬ್‌ನಲ್ಲಿ ಕಂಟ್ರೋಲ್-ಐ ಒತ್ತಿ ಎಲ್ಲ ಸಾಲುಗಳನ್ನೂ ಒಟ್ಟಿಗೆ ಸರಿಸಿ. ನೋಡುವವರು ವಿಎಲ್‌ಸಿ ಪ್ಲೇಯರಿನಲ್ಲಿ ಜಿ ಮತ್ತು ಎಚ್ ಕೀಲಿಯಿಂದ ತಾವೇ ಸರಿಮಾಡಿಕೊಳ್ಳಬಹುದು. ಒಂದು ಒತ್ತಿಗೆ 50 ಮಿಲಿಸೆಕೆಂಡ್ ಹಿಂದೆ ಇಲ್ಲವೆ ಮುಂದೆ ಹೋಗುತ್ತದೆ.

ಮೊದಲು ಸರಿಯಿದ್ದು ಮಧ್ಯದಲ್ಲಿ ಥಟ್ಟನೆ ತಪ್ಪಿದರೆ ಯಾವುದೋ ತುಣುಕು ಹೆಚ್ಚಾಗಿದೆ ಅಥವಾ ಕಡಿಮೆಯಾಗಿದೆ. ಜಪಾನಿನ ಟಿವಿ ಪ್ರಸಾರದಲ್ಲಿ ಪ್ರಾಯೋಜಕರ ಹೆಸರು ತೋರಿಸುವ ಹತ್ತು ಸೆಕೆಂಡಿನಷ್ಟು ಭಾಗ ಇರುತ್ತದೆ, ಡಿಸ್ಕಿನಲ್ಲಿ ಇರುವುದಿಲ್ಲ. ಆರಂಭದ ಹಾಡು ಮುಗಿದ ಜಾಗ ಮತ್ತು ಜಾಹೀರಾತಿಗೆ ಬಿಟ್ಟ ನಡುವಿನ ಜಾಗ, ಇವೆರಡನ್ನು ಮೊದಲು ನೋಡಿ. ತಪ್ಪು ಶುರುವಾದ ಸಾಲನ್ನು ಆರಿಸಿ, ಅಲ್ಲಿಂದ ಕೆಳಗಿನದನ್ನು ಮಾತ್ರ ಸರಿಸಿ.

ಮೂರನೆಯದು ಕ್ರಮೇಣ ಜಾರುವುದು. ಅನಿಮೆ ಸಾಮಾನ್ಯವಾಗಿ ಸೆಕೆಂಡಿಗೆ 23.976 ಫ್ರೇಮ್ (ಬಿಡಿ ಚಿತ್ರ). ಅದನ್ನು 25 ಫ್ರೇಮಿಗೆ ಓಡಿಸಿದ ಪ್ರತಿಯಲ್ಲಿ 24 ನಿಮಿಷದ ಕಂತು ಸುಮಾರು 59 ಸೆಕೆಂಡ್ ಮೊದಲೇ ಮುಗಿಯುತ್ತದೆ. ಎಷ್ಟು ಸರಿಸಿದರೂ ಇದು ಕೂಡುವುದಿಲ್ಲ. ಏಜಿಸಬ್‌ನ ಎಕ್ಸ್‌ಪೋರ್ಟ್‌ನಲ್ಲಿ ಫ್ರೇಮ್‌ರೇಟ್ ಬದಲಿಸುವ ಸೌಲಭ್ಯ ಬಳಸಬೇಕು. 24 ಮತ್ತು 23.976ರ ನಡುವಿನ ವ್ಯತ್ಯಾಸ ಸಣ್ಣದು, ಇಡೀ ಕಂತಿಗೆ ಒಂದೂವರೆ ಸೆಕೆಂಡ್. ಆದರೆ ಕೊನೆಯ ದೃಶ್ಯದಲ್ಲಿ ಮಾತಿಗೆ ಮೊದಲೇ ಉತ್ತರ ಕಾಣಿಸಿಕೊಂಡು ರಸಭಂಗ ಮಾಡಲು ಅಷ್ಟು ಸಾಕು.

ಫೈಲಿನ ಹೆಸರಿನಲ್ಲೇ ‘ಡಿಸ್ಕ್, 23.976’ ಎಂದೋ ‘ಟಿವಿ’ ಎಂದೋ ಬರೆದು, ಮೊದಲ ಮಾತು ಎಷ್ಟು ಸೆಕೆಂಡಿಗೆ ಬರುತ್ತದೆ ಎಂದು ಒಂದು ಸಾಲು ಸೇರಿಸಿ. ಬೈಗುಳ ಅರ್ಧಕ್ಕರ್ಧ ನಿಲ್ಲುತ್ತದೆ.

ಪ್ರಶ್ನೆ: ‘ಲೈಸೆನ್ಸ್ ಆದ ಮೇಲೆ ನಿಲ್ಲಿಸಬೇಕು’ ಎಂಬ ಹಳೆಯ ನಿಯಮ ಈಗಲೂ ನಡೆಯುತ್ತದೆಯೆ?

ಉತ್ತರ: ಆ ನಿಯಮ ಹುಟ್ಟಿದ್ದು ವಿಎಚ್‌ಎಸ್ ಕಾಲದಲ್ಲಿ. ಖಾಲಿ ಕ್ಯಾಸೆಟ್ಟು ಮತ್ತು ಅಂಚೆಚೀಟಿ ಹಚ್ಚಿದ ಲಕೋಟೆ ಕಳಿಸಿದರೆ ಪ್ರತಿ ಮಾಡಿ ಕೊಡುತ್ತಿದ್ದರು. ಪ್ರತಿಯಿಂದ ಪ್ರತಿಗೆ ಚಿತ್ರ ಮಸುಕಾಗುತ್ತಿತ್ತು. ಆಗ ಕಂಪನಿ ಅಧಿಕೃತವಾಗಿ ತಂದ ದಿನ ಕ್ಯಾಸೆಟ್ಟು ಹಂಚುವುದನ್ನು ನಿಲ್ಲಿಸಿದರೆ ನಿಜಕ್ಕೂ ನಿಂತಂತೆ. ಈಗ ಒಮ್ಮೆ ಬಿಟ್ಟ ಫೈಲು ನೀವು ಅಳಿಸಿದರೂ ಬೇರೆಯವರ ಬಳಿ ಇರುತ್ತದೆ, ಹತ್ತನೇ ಪ್ರತಿಯೂ ಮೊದಲಿನಷ್ಟೇ ಚೊಕ್ಕ. ಹಾಗಾಗಿ ‘ಆಮೇಲೆ ನಿಲ್ಲಿಸುತ್ತೇವೆ’ ಎಂಬ ಭರವಸೆಗೆ ಹಿಂದಿನ ತೂಕ ಇಲ್ಲ.

ಇನ್ನೊಂದು ಮಾತು. ಆ ನಿಯಮ ಅಭಿಮಾನಿಗಳು ತಮ್ಮೊಳಗೆ ಮಾಡಿಕೊಂಡದ್ದು, ಜಪಾನಿನ ಹಕ್ಕುದಾರರು ಸಹಿ ಹಾಕಿದ್ದಲ್ಲ. 2004ರ ಡಿಸೆಂಬರಿನಲ್ಲಿ ಮೀಡಿಯಾ ಫ್ಯಾಕ್ಟರಿ ಎಂಬ ಜಪಾನಿ ಕಂಪನಿ ವಕೀಲರ ಮೂಲಕ ಫ್ಯಾನ್‌ಸಬ್ ಗುಂಪುಗಳಿಗೆ ಪತ್ರ ಬರೆಸಿ, ಹೊರದೇಶದಲ್ಲಿ ಲೈಸೆನ್ಸ್ ಆಗಿರಲಿ ಬಿಡಲಿ, ತನ್ನ ಎಲ್ಲ ಕೃತಿಗಳನ್ನೂ ಕೈಬಿಡಿ ಎಂದಿತು. ‘ಅವರು ಸುಮ್ಮನಿದ್ದಾರೆ ಅಂದರೆ ಒಪ್ಪಿದ್ದಾರೆ’ ಎಂಬ ನಂಬಿಕೆಗೆ ಅಲ್ಲಿಗೆ ಪೆಟ್ಟು ಬಿತ್ತು. 2006ರಲ್ಲಿ ಜನ ಏರಿಸಿದ ಫ್ಯಾನ್‌ಸಬ್‌ಗಳಿಂದಲೇ ಬೆಳೆದ ಅನಿಮೆ ತಾಣ ಕ್ರಂಚಿರೋಲ್ 2009ರ ಆರಂಭದಲ್ಲಿ ಅವನ್ನೆಲ್ಲ ಕಿತ್ತುಹಾಕಿ ಟಿವಿ ಟೋಕಿಯೊ ಜೊತೆ ಒಪ್ಪಂದಕ್ಕೆ ಬಂತು. ಜಪಾನಿನಲ್ಲಿ ಪ್ರಸಾರವಾದ ಕೆಲವೇ ಹೊತ್ತಿನಲ್ಲಿ ಅಧಿಕೃತ ಸಬ್‌ಟೈಟಲ್ ಸಿಗತೊಡಗಿತು. ‘ತಿಂಗಳುಗಟ್ಟಲೆ ಕಾಯಬೇಕು’ ಎಂಬ ನೆಪ ಹೊಸ ಕಂತುಗಳ ಮಟ್ಟಿಗೆ ಬಹುಪಾಲು ಅಲ್ಲಿಗೇ ಮುಗಿಯಿತು.

ನಮ್ಮ ಲೆಕ್ಕ ಹೀಗೆ. ನಿಮ್ಮ ಓದುಗರ ಭಾಷೆಯಲ್ಲಿ ಅಧಿಕೃತ ಸಬ್‌ಟೈಟಲ್ ಸಿಗುತ್ತಿದ್ದರೆ ಕೈ ಹಾಕಬೇಡಿ, ಅದು ನಿಮ್ಮದಕ್ಕಿಂತ ಕಳಪೆಯಾಗಿದ್ದರೂ. ಇಂಗ್ಲಿಷಿನಲ್ಲಿದೆ, ನಿಮ್ಮ ಭಾಷೆಯಲ್ಲಿಲ್ಲ ಅಂದರೆ ಬಿಡಿ ಫೈಲಿನಿಂದ ಯಾರ ವ್ಯಾಪಾರವೂ ಕೆಡುವುದಿಲ್ಲ, ವಿಡಿಯೊ ಸೇರಿಸಿದರೆ ಕೆಡುತ್ತದೆ. ಎಲ್ಲೂ ಮಾರಾಟಕ್ಕಿಲ್ಲದ ಹಳೆಯ ಕೃತಿಗೆ ನಿಮ್ಮ ಪಕ್ಷ ಎಲ್ಲಕ್ಕಿಂತ ಗಟ್ಟಿ, ಕಾನೂನು ಆಗಲೂ ಬೇರೆಯೇ ಹೇಳುತ್ತದೆ. ಜಪಾನ್ 2004ರಿಂದ ಚಲನಚಿತ್ರಗಳ ಹಕ್ಕಿನ ಅವಧಿಯನ್ನು 50ರಿಂದ 70 ವರ್ಷಕ್ಕೆ ಏರಿಸಿದೆ.

ಪ್ರಶ್ನೆ: ನನಗೆ ಜಪಾನಿ ಅಷ್ಟಾಗಿ ಬಾರದು. ಅಧಿಕೃತ ಇಂಗ್ಲಿಷ್ ಸಬ್‌ಟೈಟಲ್ ಇಟ್ಟುಕೊಂಡು ಕನ್ನಡ ಮಾಡುತ್ತೇನೆ. ತಪ್ಪೇನು?

ಉತ್ತರ: ತಪ್ಪು ಎರಡು ಕಡೆ ಇದೆ. ಇಂಗ್ಲಿಷ್ ಸಾಲುಗಳು ಇನ್ನೊಬ್ಬ ಅನುವಾದಕರ ದುಡಿಮೆ. ಅವರ ಟೈಮಿಂಗ್, ಅವರ ಸಾಲು ಒಡೆದ ರೀತಿ, ಅವರು ತಲೆ ಕೆಡಿಸಿಕೊಂಡು ಹುಡುಕಿದ ಪದ ಎಲ್ಲವೂ ನಿಮ್ಮ ಫೈಲಿಗೆ ಬರುತ್ತವೆ, ಹೆಸರು ಮಾತ್ರ ನಿಮ್ಮದು. ಡಿಸ್ಕಿನಿಂದ ತೆಗೆದ ಸಬ್‌ಟೈಟಲಿನಲ್ಲಿ ನಾಲ್ಕು ಪದ ತಿದ್ದಿ ಗುಂಪಿನ ಹೆಸರು ಒತ್ತುವವರಿಗಂತೂ ಫ್ಯಾನ್‌ಸಬ್ ಮಾಡುವವರ ನಡುವೆಯೇ ಮರ್ಯಾದೆ ಇಲ್ಲ.

ಎರಡನೆಯದು, ಕೃತಿಗೆ ಆಗುವ ಅನ್ಯಾಯ. ಜಪಾನಿಯೂ ಕನ್ನಡವೂ ಕ್ರಿಯಾಪದವನ್ನು ಕೊನೆಗಿಡುವ ಭಾಷೆಗಳು. ಆರೋಪಿ ಮಾತಿನ ನಡುವೆ ನಿಂತು, ಉಸಿರೆಳೆದು, ‘ಕೊರೊಶಿತೆ…’ ‘…ನಾಯ್’ ಎನ್ನುತ್ತಾನೆ. ‘ಇಲ್ಲ’ ಎಂಬುದು ಕೊನೆಯ ತುಣುಕಿನಲ್ಲಿದೆ. ಇಂಗ್ಲಿಷಿನಲ್ಲಿ ನಿಷೇಧ ಮೊದಲೇ ಬರುವುದರಿಂದ ಅವನು ಬಾಯಿ ತೆರೆಯುವಷ್ಟರಲ್ಲಿ ಗುಟ್ಟು ರಟ್ಟಾಗುತ್ತದೆ. ಕನ್ನಡದಲ್ಲಿ ‘ನಾನು ಅವನನ್ನು ಕೊಂದೇ…’ ಎಂದು ಒಂದು ಸಾಲು, ನಿಲುಗಡೆ ಮುಗಿದ ಮೇಲೆ ‘…ಇಲ್ಲ’ ಎಂದು ಇನ್ನೊಂದು. ಮೂಲದ ಬಿಗಿ ಹಾಗೇ ಉಳಿಯುತ್ತದೆ. ಇಂಗ್ಲಿಷಿನ ಟೈಮಿಂಗನ್ನೇ ಇಟ್ಟುಕೊಂಡರೆ ಈ ಅವಕಾಶ ಕೈತಪ್ಪುತ್ತದೆ.

ಹಾಗೆಯೇ ‘ಒನೀ-ಚಾನ್’. ಇಂಗ್ಲಿಷಿನಲ್ಲಿ ಅದು ಅಣ್ಣನ ಹೆಸರಾಗಿಬಿಟ್ಟಿರುತ್ತದೆ. ಅದನ್ನು ನೋಡಿ ಬರೆದರೆ ಕನ್ನಡದ ತಂಗಿಯೂ ಅಣ್ಣನನ್ನು ಹೆಸರು ಹಿಡಿದು ಕೂಗುತ್ತಾಳೆ, ಕಿವಿಗೆ ಬೇರೆ ಕೇಳುತ್ತಿರುತ್ತದೆ. ಕನ್ನಡಕ್ಕೆ ‘ಅಣ್ಣ’ ಇರುವಾಗ ಈ ಸುತ್ತು ಯಾಕೆ? ‘ಇಕಾನಾಯ್ ನೊ?’, ಅಂದರೆ ‘ಹೋಗಲ್ವಾ?’ ಎಂದು ಕೇಳಿದಾಗ ಪಾತ್ರ ತಲೆದೂಗಿ ‘ಉನ್’ ಎನ್ನುತ್ತದೆ. ಇಂಗ್ಲಿಷಿನಲ್ಲಿ ‘ನೋ’. ನೀವು ‘ಇಲ್ಲ’ ಎಂದು ಬರೆದರೆ ತಲೆ ಒಂದು ಹೇಳುತ್ತದೆ, ಸಾಲು ಇನ್ನೊಂದು. ‘ಹೂಂ, ಹೋಗಲ್ಲ’ ಎಂದರೆ ಎರಡೂ ಕೂಡುತ್ತವೆ.

ಕಿವಿಯೊಂದನ್ನೇ ನಂಬುವುದೂ ಅಪಾಯ. ಜಪಾನಿಯಲ್ಲಿ ‘ಕಾಮಿ’ ಎಂದರೆ ದೇವರು, ಕೂದಲು, ಕಾಗದ ಮೂರೂ ಆಗಬಹುದು. ಜಪಾನಿ ಲಿಪಿಯ ಸಬ್‌ಟೈಟಲ್ ಇರುವ ಅಧಿಕೃತ ಪ್ರತಿ ಸಿಕ್ಕರೆ ಕಾಂಜಿ (ಅರ್ಥ ಸೂಚಿಸುವ ಚೀನೀ ಮೂಲದ ಅಕ್ಷರ) ನೋಡಿ ಅನುಮಾನ ಪರಿಹರಿಸಿಕೊಳ್ಳಿ. ಭಾಷೆ ಬಲ್ಲವರೊಬ್ಬರು ಮೂಲ ಕೇಳುತ್ತ ಪೂರ್ತಿ ಒಮ್ಮೆ ನೋಡುವವರೆಗೆ ಬಿಡುಗಡೆ ಬೇಡ. ಅಂಥವರು ಸಿಗದಿದ್ದರೆ ‘ಇಂಗ್ಲಿಷಿನ ಮೂಲಕ’ ಎಂದು ಮೊದಲ ಸಾಲಿನಲ್ಲೇ ಹಾಕಿ.

ಪ್ರಶ್ನೆ: ಮಾತು ಕತ್ತರಿಸುವುದು, ಬೈಗುಳ ಸೇರಿಸುವುದು, ಇದರಲ್ಲಿ ಎಷ್ಟು ಸ್ವಾತಂತ್ರ್ಯ?

ಉತ್ತರ: ಕತ್ತರಿಸಲೇಬೇಕು, ಇಲ್ಲದಿದ್ದರೆ ನೋಡುವವರು ಓದುತ್ತಲೇ ಇರುತ್ತಾರೆ. ಇಂಗ್ಲಿಷಿಗೆ ಪರದೆಯಲ್ಲಿ ಎರಡು ಸಾಲು, ಸಾಲಿಗೆ 42 ಅಕ್ಷರ ಎಂಬ ಮಿತಿ ಬಳಕೆಯಲ್ಲಿದೆ. ಕನ್ನಡಕ್ಕೆ ಆ ಲೆಕ್ಕವನ್ನು ಕಣ್ಣುಮುಚ್ಚಿ ಹಚ್ಚಬೇಡಿ. ‘ಸ್ತ್ರೀ’ ನಮಗೆ ಒಂದಕ್ಷರ, ಯೂನಿಕೋಡಿಗೆ ಆರು ಚಿಹ್ನೆ. ತಂತ್ರಾಂಶ ‘ಸಾಲು ಉದ್ದವಾಯಿತು’ ಎಂದು ಕೆಂಪು ತೋರಿಸಿದರೂ ಗಟ್ಟಿಯಾಗಿ ಓದಿ ನೋಡಿ. ಮಾತು ಮುಗಿಯುವುದರೊಳಗೆ ಓದಿ ಮುಗಿದರೆ ಸಾಕು. ಕತ್ತರಿಸುವಾಗ ಮೊದಲು ಹೋಗಬೇಕಾದ್ದು ಹೆಸರು ಕೂಗುವುದು, ‘ಅಂದರೆ’, ‘ಅದೇನೆಂದರೆ’ಗಳು. ಅನುಮಾನ, ಷರತ್ತು, ನಿಷೇಧ ಎಂದೂ ಹೋಗಬಾರದು. ‘ಸತ್ತಿರಬಹುದು’ ಎಂಬುದು ‘ಸತ್ತ’ ಆದರೆ ಕಥೆಯೇ ಬದಲಾಗುತ್ತದೆ.

ಬೈಗುಳದ್ದು ಹಳೆಯ ಚಟ. ‘ಕಿಸಾಮಾ’, ‘ತೆಮೆ’ ಇವು ಅಕ್ಷರಶಃ ‘ನೀನು’ ಎಂಬುದರ ಒರಟು ರೂಪ. ಇಂಗ್ಲಿಷಿನಲ್ಲಿ ‘ನೀನು-ನೀವು’ ಭೇದ ಇಲ್ಲದ್ದರಿಂದ ಅಲ್ಲಿನವರು ಹೊಲಸು ಮಾತು ತುರುಕಿದರು. ಕನ್ನಡದಲ್ಲಿ ‘ನೀವು’ ಎನ್ನುತ್ತಿದ್ದವನು ಥಟ್ಟನೆ ‘ಏನಲೇ’ ಅಂದರೆ ಅದೇ ಸಾಕಷ್ಟು ಏಟು.

ಪ್ರಶ್ನೆ: ಸರ್ವರ್ ಖರ್ಚಿಗೆಂದು ದೇಣಿಗೆ ಕೇಳಬಹುದೆ?

ಉತ್ತರ: ಬೇಡ. 45 ಕಿಲೊಬೈಟಿಗೆ ಎಂಥ ಸರ್ವರ್ ಖರ್ಚು? ದುಡ್ಡು ಬೇಕಾಗುವುದು ವಿಡಿಯೊ ಇಟ್ಟಾಗ. ಚೀನಾದ ರೆನ್‌ರೆನ್ ಯಿಂಗ್‌ಶಿ ಹವ್ಯಾಸದ ಸಬ್‌ಟೈಟಲ್ ಗುಂಪಾಗಿಯೇ ಶುರುವಾದದ್ದು. ಆ್ಯಪ್, ಜಾಹೀರಾತು, ಸದಸ್ಯತ್ವದ ಹಣದವರೆಗೆ ಹೋಯಿತು. 2021ರಲ್ಲಿ ಶಾಂಘೈ ಪೊಲೀಸರು 14 ಜನರನ್ನು ಹಿಡಿದರು. ಅದೇ ವರ್ಷ ಅದರ ಮುಖ್ಯಸ್ಥರಿಗೆ ಮೂರೂವರೆ ವರ್ಷ ಜೈಲಾಯಿತು.

ಪ್ರಶ್ನೆ: ಯಂತ್ರಾನುವಾದ ಬಳಸಿದರೆ ಹೇಳಬೇಕೆ?

ಉತ್ತರ: ಹೇಳಬೇಕು. ಜಪಾನಿಯಲ್ಲಿ ಕರ್ತೃಪದ ಬಿಟ್ಟೇ ಮಾತಾಡುವುದು ಹೆಚ್ಚು. ಯಾರು, ಯಾರಿಗೆ ಎಂಬುದು ಚಿತ್ರ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಬರೀ ಪಠ್ಯ ಓದುವ ಯಂತ್ರ ಊಹಿಸುತ್ತದೆ, ‘ಅವಳು’ ಮುಂದಿನ ಸಾಲಿನಲ್ಲಿ ‘ಅವನು’ ಆಗುತ್ತಾಳೆ. ಕನ್ನಡದಲ್ಲಿ ಕ್ರಿಯಾಪದವೂ ಲಿಂಗ ಹೇಳುವುದರಿಂದ ತಪ್ಪು ಎರಡೆರಡು ಸಲ ಕಾಣುತ್ತದೆ. ಮರುಓದು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2025ರಲ್ಲಿ ಒಂದು ಅಧಿಕೃತ ಜರ್ಮನ್ ಸಬ್‌ಟೈಟಲಿನಲ್ಲೇ ‘ಚಾಟ್‌ಜಿಪಿಟಿ ಹೇಳಿದ್ದು’ ಎಂಬ ಮಾತು ಉಳಿದುಹೋಗಿದ್ದು ಸಾಕ್ಷಿ.

ಪ್ರಶ್ನೆ: ಫೈಲಿನೊಳಗೆ ಫಾಂಟ್ ಸೇರಿಸಬಹುದೆ?

ಉತ್ತರ: ಫಾಂಟಿಗೂ ಹಕ್ಕುದಾರರಿರುತ್ತಾರೆ. ಮಾರಾಟದ ಫಾಂಟ್ ಲಗತ್ತಿಸಿದರೆ ಅದೂ ಅಕ್ರಮ ಹಂಚಿಕೆ. ನೋಟೊ ಸ್ಯಾನ್ಸ್ ಕನ್ನಡದಂಥ ಮುಕ್ತ ಲೈಸೆನ್ಸಿನದನ್ನು ಬಳಸಿ, ಫೈಲನ್ನು ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಉಳಿಸಿ. ಕೆಲವು ಟಿವಿಗಳ ಒಳಗಿನ ಪ್ಲೇಯರಿಗೆ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ‘ರಾಷ್ಟ್ರ’, ‘ಅರ್ಘ್ಯ’ ಇರುವ ಸಾಲೊಂದನ್ನು ಮೊದಲು ಓಡಿಸಿ ನೋಡಿ.

ಪ್ರಶ್ನೆ: ನೇರವಾಗಿ ಅನುಮತಿಯನ್ನೇ ಕೇಳಿದರೆ?

ಉತ್ತರ: ಕೇಳಿ, ಆದರೆ ಯಾರನ್ನು ಎಂಬುದೇ ತೊಡಕು. ಬಹಳಷ್ಟು ಟಿವಿ ಅನಿಮೆಗೆ ‘ಸೈಸಾಕು ಇಇನ್‌ಕಾಯ್’ ಎಂಬ ನಿರ್ಮಾಣ ಸಮಿತಿ ಇರುತ್ತದೆ. ಪ್ರಕಾಶಕರು, ಟಿವಿ ವಾಹಿನಿ, ಹಾಡಿನ ಕಂಪನಿ, ಆಟಿಕೆ ಕಂಪನಿ ಹೀಗೆ ಹಲವರು ಬಂಡವಾಳ ಹಾಕಿ ಹಕ್ಕು ಹಂಚಿಕೊಂಡಿರುತ್ತಾರೆ. ಚಿತ್ರ ಬಿಡಿಸಿದ ಸ್ಟುಡಿಯೊಗೆ ಅನುವಾದದ ಹಕ್ಕು ಇಲ್ಲದಿರಬಹುದು. ಮೂಲ ಕಾಮಿಕ್ ಬರೆದವರು ‘ಖುಷಿಯಾಯಿತು’ ಎಂದು ಉತ್ತರಿಸಿದರೂ ಅದು ಅನುಮತಿಯಲ್ಲ. ಕೊನೆಯ ಹೆಸರುಪಟ್ಟಿಯ ಕಾಪಿರೈಟ್ ಸಾಲು ನೋಡಿ, ಹೊರದೇಶದ ಹಕ್ಕು ನೋಡಿಕೊಳ್ಳುವವರಿಗೆ ಒಂದು ಪುಟ ಬರೆಯಿರಿ: ಕೃತಿಯ ಜಪಾನಿ ಹೆಸರು, ಯಾವ ಕಂತುಗಳು, ಯಾವ ಭಾಷೆ, ಬಿಡಿ ಫೈಲು ಮಾತ್ರ, ಹಣವಿಲ್ಲ, ಬೇಡವೆಂದ ದಿನ ತೆಗೆಯುತ್ತೇವೆ. ಉತ್ತರ ಬಾರದಿದ್ದರೆ ಅದನ್ನು ಒಪ್ಪಿಗೆ ಅಂದುಕೊಳ್ಳುವಂತಿಲ್ಲ.

ಒಬ್ಬರೋ ಇಬ್ಬರೋ ಸೇರಿ ಮಾಡಿ ತಮ್ಮದೇ ಯೂಟ್ಯೂಬ್ ಚಾನಲಿನಲ್ಲಿ ಹಾಕುವ ಕಿರು ಅನಿಮೇಷನ್‌ಗಳಿಗೆ ಈ ರಗಳೆ ಇಲ್ಲ. ಹಕ್ಕು ಬಹುತೇಕ ಅವರ ಕೈಯಲ್ಲೇ ಇರುತ್ತದೆ. ವೀಕ್ಷಕರೇ ಸಬ್‌ಟೈಟಲ್ ಸೇರಿಸುವ ಸೌಲಭ್ಯವನ್ನು ಯೂಟ್ಯೂಬ್ 2020ರ ಸೆಪ್ಟೆಂಬರಿನಲ್ಲಿ ತೆಗೆದುಹಾಕಿತು. ಈಗ ಎಸ್‌ಆರ್‌ಟಿ ಮಾಡಿ ಅವರಿಗೇ ಕಳಿಸಬೇಕು, ಅವರು ಏರಿಸಬೇಕು. ಅವರಿಗೆ ಕನ್ನಡ ಓದಲು ಬಾರದು, ನೀವು ಏನು ಬರೆದಿದ್ದೀರೆಂದು ಪರೀಕ್ಷಿಸಲೂ ಆಗದು. ಪ್ರತಿ ಸಾಲಿನ ಎದುರು ಜಪಾನಿ ಮೂಲ ಇಟ್ಟ ಎರಡು ಕಾಲಮ್ಮಿನ ಹಾಳೆಯನ್ನೂ ಜೊತೆಗೆ ಕಳಿಸಿ, ಬೇಕಿದ್ದರೆ ಬೇರೆಯವರಿಗೆ ತೋರಿಸಿಕೊಳ್ಳಲಿ.